ಹುಗ್ಗಿ ಉಂಡ ಮಾವನ ಆರು ತಾಸು

ಇದನ್ನು ನನಗೆ ಮೊದಲು ಹೇಳಿದವಳು ಕಟಕೋಳಕ್ಕೆ ಕೊಟ್ಟ ನಮ್ಮಕ್ಕ. ಆಕೆಯ ಗಂಡ, ಅಂದರೆ ನಮ್ಮ ಮಾವ, ಎಲೆ ಮುಂದೆ ಕುಂತರೆ ಏನಾದರೊಂದು ಆಗೇ ಆಗುತ್ತದೆ. ಶಿವನ ಇಚ್ಛೆ.

೧. ಹೋರಿಯ ಬೆನ್ನಿಗೆ

ಒಂದು ಮದುವೆಯಲ್ಲಿ ಮಾವ ಮೂರು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡು ಉಂಡರು. ಕೈ ತೊಳೆಯುವಷ್ಟರಲ್ಲಿ ಅವರ ಗಾಡಿಯ ಹೋರಿ ಹಗ್ಗ ಹರಿದುಕೊಂಡು ಓಡಿತು. ಬೆನ್ನು ಹತ್ತಿ ಓಡಿದರು. ಹೋರಿ ಸಿಕ್ಕಿತು, ಉಸಿರು ಸಿಗಲಿಲ್ಲ. ಮೈತುಂಬ ದದ್ದು, ತುಟಿ ಬಾತಿತ್ತು. ಮುದುಕಿಯರು ದೃಷ್ಟಿ ತೆಗೆಯಲು ಉಪ್ಪು ಹುಡುಕುತ್ತಿರುವಾಗ ಅಕ್ಕ ಅವರನ್ನು ಜೀಪಿನಲ್ಲಿ ರಾಮದುರ್ಗಕ್ಕೆ ಒಯ್ದಳು. ಜೀವ ಉಳಿಯಿತು.

ಡಾಕ್ಟರು ಹೇಳಿದರು: "ನಿಮಗ ಗೋಧಿ ಒಂದರಿಂದ ತ್ರಾಸಿಲ್ಲ, ಓಡೂದರಿಂದನೂ ಇಲ್ಲ. ಎರಡೂ ಕೂಡಿದ್ರ ಜೀವಕ್ಕ ಕುತ್ತು. ಗೋಧಿ ಉಂಡ ಮ್ಯಾಲೆ ಆರು ತಾಸು ಮೈ ದಣಿಸಬ್ಯಾಡ್ರಿ. ಮತ್ತ ಹಿಂಗಾದ್ರ ಚುಚ್ಚಾಕ ಈ ಇಂಜೆಕ್ಷನ್ ಸದಾ ಜೋಡಿ ಇರಲಿ."

"ಹೋರಿ ಬಿಡತೇನ್ರಿ," ಎಂದರು ಮಾವ, "ಹುಗ್ಗಿ ಬಿಡಾಂಗಿಲ್ಲ."

೨. ಔಷಧದ ಗುಣ

ಉಂಡು ಮೈ ದಣಿಸದಿರುವ ಈ ಔಷಧ ಮಾವನಿಗೆ ಬಹಳ ಹಿಡಿಸಿತು. ಮುಂಜಾನೆ ಎರಡು ಚಪಾತಿ ತಿಂದು ಹೊರಸಿನ ಮೇಲೆ ಒರಗುವರು.

"ಕಳೆ ತಗಿಯಾಕ ಬರ್ರಿ," ಎಂದು ಅಕ್ಕ ಕರೆಯುವಳು.

"ಚಪಾತಿ ತಿಂದೇನಿ. ಡಾಕ್ಟರು ಬ್ಯಾಡ ಅಂದಾರ."

ಅಕ್ಕ ಮೂರು ದಿನ ಒಬ್ಬಳೇ ಕಳೆ ತೆಗೆದಳು. ನಾಲ್ಕನೆಯ ದಿನದಿಂದ ತಾಟಿನಲ್ಲಿ ಬರೀ ಜೋಳದ ರೊಟ್ಟಿ.

"ಏಳ್ರಿ," ಎಂದಳು, "ರೊಟ್ಟಿಗೆ ಡಾಕ್ಟರು ಏನೂ ಅಂದಿಲ್ಲ."

೩. ಗುಡ್ಡ

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡೆದು ಬರುವುದಾಗಿ ಮಾವ ಹರಕೆ ಹೊತ್ತಿದ್ದರು. ಅಕ್ಕ ನನ್ನನ್ನು ಕರೆಸಿದಳು. "ದಾರಿಗುಂಟ ಹುಗ್ಗಿ ನೀಡತಾರ ತಮ್ಮಾ. ಈ ಮನಷ್ಯಾ ಪ್ರಸಾದ ಒಲ್ಲೆ ಅನ್ನಾಂವಲ್ಲ" ಎಂದು ಇಂಜೆಕ್ಷನ್ ಕೊಟ್ಟು ನನ್ನನ್ನು ಜೋಡಿ ಕಳಿಸಿದಳು.

ನೀಡಿದ ಹುಗ್ಗಿಯನ್ನೆಲ್ಲ ನಾನು ಡಬ್ಬಿಗೆ ಹಾಕಿಸಿಕೊಂಡೆ. ಮಾವ ರೊಟ್ಟಿ ಕಡಿಯುತ್ತ, ಡಬ್ಬಿ ನೋಡುತ್ತ ನಡೆದರು. ಗುಡ್ಡ ಮುಟ್ಟಿದೆವು, ಹರಕೆ ತೀರಿತು. ಅಲ್ಲೇ ಕುಂತು ಡಬ್ಬಿ ಬರಿದು ಮಾಡಿದರು.

ಕೆಳಗೆ ಕಟಕೋಳದ ಟ್ರ್ಯಾಕ್ಟರ್ ಹೊರಟು ನಿಂತಿತ್ತು. "ಏಳ್ರಿ ಮಾವ."

"ಹೆಂಗ ಏಳಲಿ ತಮ್ಮಾ? ಹುಗ್ಗಿ ಉಂಡೇನಲ್ಲ."

ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಟ್ರ್ಯಾಕ್ಟರಿನವರೂ ನಾನೂ ಸೇರಿ ನಾಲ್ವರು ಹೊತ್ತೆವು. ಯಾರೋ ಸ್ವಾಮಿಗಳೆಂದು ಜನ ಕೈಮುಗಿಯತೊಡಗಿದರು. ಮಾವ ಮೆಲ್ಲಗೆ ಕೈ ಎತ್ತಿ ಹರಸಿದರು. ಒಬ್ಬ ಮುದುಕಿ, "ಒಲ್ಲೆ ಅನಬ್ಯಾಡ್ರಿ ಅಜ್ಜಾರ," ಎಂದು ಗೋಧಿ ಹೋಳಿಗೆ ಕೊಟ್ಟಳು. ಮಾವ ಅದನ್ನು ಟವೆಲಿನಲ್ಲಿ ಕಟ್ಟಿಕೊಂಡರು.

ಗಾಡಿಗಳ ಗದ್ದಲದಲ್ಲಿ ತೆವಳುತ್ತ ಊರು ಮುಟ್ಟುವಷ್ಟರಲ್ಲಿ ಆರು ತಾಸು ಕಳೆದಿತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದಳು; ಹುಗ್ಗಿ ಉಂಡು ಆರು ತಾಸಾಯಿತೆಂದು ನಾನು ಹೇಳಿದೆ. "ಆತಲ್ಲ, ಇನ್ನ ಇಳೀರಿ. ಹಿತ್ತಲದಾಗ ಕಟ್ಟಿಗಿ ಒಡಿಯೂದು ಹಂಗ ಉಳದೈತಿ."

ಮಾವ ಬಾಯಿ ಒರೆಸಿಕೊಂಡರು. "ಹೋಳಿಗಿ ಈಗರ ತಿಂದೆ. ಮತ್ತ ಮೊದಲಿಂದ ಎಣಸು."

ನಿಮ್ಮ ಕಡೆ ಯಾರಾದರೂ ಉಂಡು ಓಡಿ ಮೈ ಬಾತರೆ, ಉಪ್ಪು ಹುಡುಕಬೇಡಿರಿ, ದವಾಖಾನೆಗೆ ಒಯ್ಯಿರಿ. ಗುಣವಾದ ಮೇಲೆ ಈ ಕತೆಯನ್ನೂ ಹೇಳಿರಿ. ಉಂಡಿದ್ದರೆ, ಕುಂದರಿಸಿ ಹೇಳಿರಿ.