ಗುಲ್ಮಕ್ಕೆ ಹುಳುವಿನ ಪಥ್ಯ

ಆಪರೇಷನ್ ಇಲ್ಲದೆ ನನ್ನ ಮೊಮ್ಮಗಳು ಮನೆಗೆ ಬಂದಳು! ಹೊಟ್ಟೆ ಕೊಯ್ಯಲಿಲ್ಲ, ಹೊಲಿಗೆ ಹಾಕಲಿಲ್ಲ. ಈ ಮಾತನ್ನು ಬಂದಾಗಿನಿಂದ ಹಾಲಿನವನಿಗೆ ಹೇಳಿದ್ದೇನೆ, ಎದುರುಮನೆಯವರಿಗೆ ಹೇಳಿದ್ದೇನೆ, ದಾರಿಗೆ ಅಡ್ಡ ನಿಂತಿದ್ದ ಎಮ್ಮೆಗೂ ಹೇಳಿದ್ದೇನೆ. ಈಗ ನಿಮ್ಮ ಸರದಿ.

ನಿಮಗೆ ಆ ಹುಡುಗಿ ಗೊತ್ತಿಲ್ಲವಲ್ಲ! ದೇವರು ಅವಳ ಕಾಲಿಗೆ ಬ್ರೇಕು ಹಾಕುವುದನ್ನೇ ಮರೆತಿದ್ದಾನೆ. ಅವಳು ಕೂತು ಉಂಡದ್ದನ್ನು ಕಂಡವರಿಲ್ಲ. ಒಂದು ತುತ್ತು ಜಗಲಿಯಲ್ಲಿ, ಇನ್ನೊಂದು ಕೊಟ್ಟಿಗೆಯಲ್ಲಿ. ನಿದ್ದೆಯಲ್ಲೂ ಓಡುತ್ತಾಳೆ, ಬೇಕಾದರೆ ನನ್ನ ಪಕ್ಕೆಯನ್ನು ಕೇಳಿ!

ಅವಳು ಅಲುಗಾಡದೆ ನಿಲ್ಲುವುದು ನಮ್ಮ ರೇಷ್ಮೆಹುಳು ಮನೆಯಲ್ಲಿ ಮಾತ್ರ. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು ಸುಮ್ಮನಾಗಿಬಿಡುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ ನಾವು. ಆಗ ಹಿಪ್ಪುನೇರಳೆ ಸೊಪ್ಪು ಹಾಕುವಂತಿಲ್ಲ, ಹುಳುವಿನ ತಟ್ಟೆ ಅಲ್ಲಾಡಿಸುವಂತಿಲ್ಲ. ಆಗ ಇವಳೇ ಬಾಗಿಲಲ್ಲಿ ನಿಂತು ನಮ್ಮ ಯಜಮಾನರನ್ನು ಗದರಿಸುತ್ತಾಳೆ: "ತಾತ, ಕೆಮ್ಮಂಗಿದ್ರೆ ರಸ್ತೆಗೋಗು!"

ಇಂಥವಳು ಮೊನ್ನೆ ಕಲ್ಯ ಊರಿನ ಇಳಿಜಾರಿನಲ್ಲಿ ಎರಡೂ ಕೈ ಬಿಟ್ಟು ಸೈಕಲ್ ಹೊಡೆದಳು. ಹ್ಯಾಂಡಲ್ ತಿರುಗಿ ಎಡಪಕ್ಕೆಯ ಕೆಳಗೆ ತಿವಿಯಿತು. ಮೈಮೇಲೆ ಒಂದು ಗೀರಿಲ್ಲ! ಸಂಜೆಗೆ ಮಾತ್ರ ಮುಖ ಬಿಳಿಚಿಕೊಂಡಿತು. ಅವರಪ್ಪ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಓಡಿದ, ಹಿಂದೆಯೇ ನಾನು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: "ಎಡಪಕ್ಕೆ ಒಳಗಿರೋ ಗುಲ್ಮ, ಅದೇ ಸ್ಪ್ಲೀನ್, ಒಸಿ ಹರಿದಿದೆ ಅಜ್ಜಿ, ಒಳಗೆ ರಕ್ತ ಒಸರಿದೆ. ನಾಡಿ, ಬಿಪಿ ಸರಿಯಾಗಿದೆ. ಹಾಗಾಗಿ ಈಗ ಕೊಯ್ಯೋದು ಬೇಡ, ತಾನೇ ಕೂಡ್ಕೊಳ್ಳುತ್ತೆ. ನಾವು ನೋಡ್ತಾ ಇರ್ತೀವಿ. ಇವಳು ಅಲ್ಲಾಡದೆ ಮಲಗಿರ್ಬೇಕು. ಮತ್ತೆ ರಕ್ತ ಹೋದ್ರೆ ಆಪರೇಷನ್ನೇ."

"ಅಲ್ಲಾಡ್ದೆ? ಇವ್ಳಾ? ಕೊಯ್ಯೋದೇ ಸಲೀಸು ಕಣವ್ವ!"

ಡಾಕ್ಟರಮ್ಮ ಅತ್ತ ಹೋದರೋ ಇಲ್ಲವೋ, ಇವಳ ಒಂದು ಕಾಲು ಮಂಚದಿಂದ ಕೆಳಗೆ! ಕಿವಿಯ ಹತ್ತಿರ ಹೋಗಿ ಹೇಳಿದೆ: "ಮಗಾ, ನಿನ್ ಗುಲ್ಮ ಜ್ವರಕ್ಕೆ ಕೂತೈತೆ. ತಟ್ಟೆ ಅಲ್ಲಾಡಿಸ್ಬುಟ್ರೆ ಏನಾಯ್ತದೆ, ನೀನೇ ಹೇಳು?"

ಕಾಲು ಮೇಲಕ್ಕೆ ಹೋಯಿತು! ಬಿಪಿ ನೋಡಲು ಬಂದ ಸಿಸ್ಟರಿಗೆ ಪಿಸುಮಾತಿನಲ್ಲಿ ಅಪ್ಪಣೆಯಾಯಿತು: "ಮೆತ್ಗೆ ಮುಟ್ಟಿ." ಅಪ್ಪನ ಫೋನು ಬಡಿದುಕೊಂಡರೆ ಕಣ್ಣಲ್ಲೇ ಆಚೆಗೆ ಅಟ್ಟಿದಳು.

ಮರುದಿನ ಊಟ ಕೊಡಬಹುದು ಎಂದರು. ಇಡ್ಲಿ ಮುರಿದು ಬಾಯಿಗಿಟ್ಟರೆ ತುಟಿ ಬಿಗಿ!

"ಜ್ವರದಾಗೆ ಸೊಪ್ಪಾಕ್ತಾರೇನಜ್ಜಿ?"

ನಾನು ಹೇಳಿದ್ದು ನನ್ನ ಕೊರಳಿಗೇ ಬಂತು! ಕೊನೆಗೆ ಡಾಕ್ಟರಮ್ಮನನ್ನೇ ಕರೆತಂದೆ. ಅವರು ನಾನು ಹೇಳಿಕೊಟ್ಟಂತೆ ಗಂಭೀರವಾಗಿ, "ಪುಟ್ಟಿ, ಈಗ ಎಳೆಸೊಪ್ಪು ಹಾಕಬಹುದು" ಎಂದರು.

"ಅಂಗಾದ್ರೆ ಎದ್ ಓಡ್ಬೋದಾ?"

"ಇಲ್ಲ! ಈ ಹುಳ ಮಲಗೇ ತಿನ್ಬೇಕು."

ಇವತ್ತು ಮನೆಗೆ ಕಳಿಸಿದರು. ಇನ್ನೂ ಕೆಲವು ವಾರ ಓಟವಿಲ್ಲ, ಸೈಕಲ್ಲಿಲ್ಲ. ಸಂಜೆ ನಡುಮನೆಯಲ್ಲಿ ಅವಳಿಗೆ ಹಾಸಿಗೆ ಹಾಕಿದೆ. ಮುದ್ದೆ, ಅವರೆಕಾಳು ಸಾರು. ಯಾರೂ ಹೇಳಲಿಲ್ಲ, ಎಲ್ಲರೂ ತಮ್ಮ ತಮ್ಮ ತಟ್ಟೆ ಎತ್ತಿಕೊಂಡು ಬಂದು ಅವಳ ಸುತ್ತ ಕೂತರು. ಯಜಮಾನರಿಗೆ ಕೆಮ್ಮು ಬಂತು. ಟವೆಲನ್ನು ಬಾಯಿಗೆ ಒತ್ತಿಕೊಂಡರು.

"ಈಗ ಕೆಮ್ಮು ತಾತ, ಪರ್ವಾಗಿಲ್ಲ" ಎಂದಳು.

ಟವೆಲು ಬಾಯಿಂದ ಕಣ್ಣಿಗೆ ಹೋಯಿತು. "ಸಾರು ಖಾರ ಕಣೇ" ಎಂದರು.

ಮಗುವಿಗೆ ಆಗುವುದಿಲ್ಲವೆಂದು ನಾನು ಖಾರವನ್ನೇ ಹಾಕಿರಲಿಲ್ಲ. ಆದರೂ ಎಲ್ಲರೂ ಹೌದು, ಬಲು ಖಾರ ಎಂದು ಮೂಗು ಒರೆಸಿಕೊಳ್ಳುತ್ತಾ ಉಂಡೆವು.