ಬರೀ ನೋಡುವ ಹೂವು

ಗಿಡ ರೈಲಿನಲ್ಲೇ ಒಣಗಬಹುದಿತ್ತು. ಹೌರಾ ಸ್ಟೇಷನ್ನಿನಲ್ಲಿ ಯಾರಾದರೂ ಟಿಕೆಟ್ ಕಲೆಕ್ಟರ್ ಅದನ್ನು ಕಿಟಕಿಯಿಂದಾಚೆ ಎಸೆಯಬಹುದಿತ್ತು. ಪಲ್ಲಾವರಂನ ಗೆದ್ದಲು ಬೇರಿಗೆ ಹತ್ತಬಹುದಿತ್ತು. ಶುಕ್ರವಾರದ ಸಂತೆಗೆ ಬರುವ ಆಡುಗಳಲ್ಲೊಂದು ಬೇಲಿ ದಾಟಿ ಒಳಗೆ ಬರಬಹುದಿತ್ತು. ಮಳೆಗಾಲದ ಬಿರುಗಾಳಿಗೆ ಬುಡ ಸಮೇತ ಕಿತ್ತುಬರಬಹುದಿತ್ತು. ಮಳೆ ಬಾರದೆ ಬಾವಿ ಬತ್ತಬಹುದಿತ್ತು. ಏರೋಡ್ರೋಮು ಪಕ್ಕದಲ್ಲೇ ಇದ್ದುದರಿಂದ ವಿಮಾನವೊಂದು ದಾರಿ ತಪ್ಪಿ ನೇರವಾಗಿ ನಮ್ಮ ಹಿತ್ತಲಿಗೇ ಇಳಿಯಬಹುದಿತ್ತು. ನಗಬೇಡಿ. ಬೇರೆಯವರ ಮನೆಗೆ ಏನೇನು ಅನಾಹುತ ಆಗಬಹುದು ಎಂದು ಯೋಚಿಸುವುದಕ್ಕೇ ವಿಮಾ ಕಚೇರಿಯವರು ನನಗೆ ಇಪ್ಪತ್ತು ವರ್ಷ ಸಂಬಳ ಕೊಟ್ಟಿದ್ದಾರೆ. ಆ ಅಭ್ಯಾಸ ಸಂಜೆ ಐದಕ್ಕೆ ನಿಲ್ಲುತ್ತದೆಯೇ?

ಇದರಲ್ಲಿ ಒಂದೂ ಆಗಲಿಲ್ಲ. ಆಗದಿರುವುದಕ್ಕೆ ಕಾರಣ ನನ್ನ ಎಚ್ಚರಿಕೆಯಲ್ಲ, ನಮ್ಮ ಸೋದರತ್ತೆ. ಮದರಾಸಿನ ಬಿಸಿಲಿಗೆ ಬುದ್ಧಿ ಹೇಳಲು ಹೊರಟ ಹೆಂಗಸು ನನಗೆ ತಿಳಿದಂತೆ ಅವರೊಬ್ಬರೇ. ಬಿಸಿಲು ಕೇಳಿತೋ ಇಲ್ಲವೋ, ಗೆದ್ದಲು ಮತ್ತು ಆಡುಗಳಂತೂ ಕೇಳಿದವು.

ಅತ್ತೆ ನಮ್ಮಪ್ಪನ ಅಕ್ಕ. ಹದಿನಾರಕ್ಕೆ ಗಂಡ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳಿಸಿದರು. ಅಪ್ಪನಿಗೆ ರೈಲ್ವೆ ಕೆಲಸ ಸಿಕ್ಕಿ ಹಾಸನದ ಕಡೆಯಿಂದ ಮದರಾಸಿಗೆ ಬಂದಾಗ ಅವರೂ ಬಂದರು. ಅಪ್ಪನ ಕಾಲದ ನಂತರ ನನ್ನ ಜೊತೆ ಪಲ್ಲಾವರಂನ ಬಾಡಿಗೆ ಮನೆಗೆ. ಬೆಳಿಗ್ಗೆ ಸ್ನಾನ ಮಾಡಿ ಮಡಿ ಉಟ್ಟರೆಂದರೆ ಮಧ್ಯಾಹ್ನದವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಬಂಧುಬಳಗದಲ್ಲಿ ಎಲ್ಲಿ ಬಾಣಂತನವಾದರೂ ಅವರಿಗೆ ಕಾಗದ ಬರುತ್ತಿತ್ತು. "ಬರಲು ಸಾಧ್ಯವೇ" ಎಂದಲ್ಲ, "ಇಂಥ ದಿನ ಹೊರಡತಕ್ಕದ್ದು" ಎಂದು.

ಹಾಗೆ ಹೋದದ್ದು ಶಿಲ್ಲಾಂಗಿಗೆ, ಐವತ್ತರ ದಶಕದ ಕಡೆಯಲ್ಲಿ. ನಮ್ಮಕ್ಕನ ಗಂಡನಿಗೆ ಅಲ್ಲಿ ಲೆಕ್ಕಪತ್ರ ಕಚೇರಿಯಲ್ಲಿ ಕೆಲಸ. ದೀಪಾವಳಿ ಮುಗಿದು ಚಳಿ ಹತ್ತುವ ಹೊತ್ತಿಗೆ ಆ ಊರಿನ ರಸ್ತೆ ಬದಿಯ ಚೆರ್ರಿ ಮರಗಳೆಲ್ಲ ಎಲೆ ಉದುರಿಸಿಕೊಂಡು, ಬರೀ ಕೊಂಬೆಯ ಮೇಲೆ, ತಿಳಿಗುಲಾಬಿ ಬಣ್ಣದ ಹೂ ಬಿಟ್ಟವಂತೆ. ಅತ್ತೆ ಭಾವನನ್ನು ಕೇಳಿದರು.

"ಈ ಹೂವನ್ನ ಏನು ಮಾಡ್ತಾರಪ್ಪ?"

"ಏನೂ ಮಾಡಲ್ಲ ಅತ್ತೆ. ನೋಡ್ತಾರೆ."

"ನೋಡಿ?"

"ನೋಡಿ ಮನೆಗೆ ಹೋಗ್ತಾರೆ."

ಈ ಉತ್ತರ ಅತ್ತೆಯ ಒಳಗೆಲ್ಲೋ ಹೋಗಿ ಕೂತುಬಿಟ್ಟಿತು. ಯಾಕೆಂದರೆ ನಮ್ಮ ಮನೆಯಲ್ಲಿ ಕೆಲಸವಿಲ್ಲದ ಹೂವೇ ಇರಲಿಲ್ಲ. ದಾಸವಾಳ, ಕಣಗಿಲೆ ದೇವರಿಗೆ. ಮಲ್ಲಿಗೆ, ಕನಕಾಂಬರ ನನ್ನ ಹೆಂಡತಿಯ ಜಡೆಗೆ. ದಿನಾ ಸಂಜೆ ನಾಲ್ಕಕ್ಕೆ ಅತ್ತೆ ಬಾಳೆನಾರು ನೆನೆಸಿಕೊಂಡು ಹೂ ಕಟ್ಟಲು ಕೂರುತ್ತಿದ್ದರು. ಕಟ್ಟಿ, ಮೊಳ ಹಾಕಿ, ಒಂದು ತುಂಡು ನನ್ನ ಹೆಂಡತಿಗೆ, ಒಂದು ಪಕ್ಕದ ಮನೆಯಾಕೆಗೆ, ಉಳಿದದ್ದು ಪಟಗಳಿಗೆ. ಆಮೇಲೆ ಕೈ ತೊಳೆದುಕೊಂಡು ಎದ್ದುಬಿಡುತ್ತಿದ್ದರು.

ಬಾಣಂತನ ಮುಗಿಸಿ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಾಗ ಅವರ ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಅದರಲ್ಲಿ ಗೇಣುದ್ದದ ಗಿಡ. ರೈಲಿನಲ್ಲಿ ಮಡಿಗೆ ಅಡ್ಡಿಯೆಂದು ಅವರು ಅವಲಕ್ಕಿ, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಜೊತೆಗೆ ತಂದ ಕೂಜದ ನೀರಲ್ಲಿ ಅರ್ಧ ಗಿಡಕ್ಕೆ ಹಾಕಿದ್ದರು. ಪ್ಲಾಟ್‌ಫಾರಮಿನಲ್ಲಿ ನಿಲ್ಲಲಾರದೆ ಓಲಾಡುತ್ತಿದ್ದವರು ನನಗೆ ಹೇಳಿದ ಮೊದಲ ಮಾತು, "ಡಬ್ಬಿ ಓರೆ ಮಾಡಬೇಡ ಕಣೋ."

ಹಿತ್ತಲ ಮೂಲೆಯಲ್ಲಿ, ಹಳೆಯ ಕಕ್ಕಸಿನ ಎದುರಿನ ಜಾಗದಲ್ಲಿ ಅದನ್ನು ನೆಟ್ಟರು. ನಾನು ನನ್ನ ಆತಂಕದ ಪಟ್ಟಿ ಬರೆಯಲು ಆರಂಭಿಸಿದ್ದು ಅಂದಿನಿಂದ. ಗಿಡ ಮಾತ್ರ ಯಾವ ಪಟ್ಟಿಯನ್ನೂ ಓದದೆ ಬೆಳೆಯಿತು. ಆರು ವರ್ಷದಲ್ಲಿ ಮಾಡಿನ ಎತ್ತರ ದಾಟಿತು. ಎಲೆಯೋ ಎಲೆ. ಹೂವಿನ ಮಾತೇ ಇಲ್ಲ.

ಪಕ್ಕದ ಮನೆಯ ತಮಿಳು ಹೆಂಗಸು ಒಂದು ದಿನ ಬೇಲಿಗೆ ಬಂದು ವಿಚಾರಿಸಿದರು. ಹಣ್ಣು ಬಿಡುತ್ತದೆಯೇ? ತಿನ್ನುವಂಥದ್ದು ಬಿಡುವುದಿಲ್ಲ. ಹೂ ಮುಡಿಯಬಹುದೇ? ಇಲ್ಲ. ಹಾಗಾದರೆ ಸಾಮಿಗೆ? ಅದಕ್ಕೂ ಶಾಸ್ತ್ರವಿಲ್ಲ.

"ಅಪ್ಪೊ ಎದುಕ್ಕು ಮಾಮಿ?" ಎಂದರು ಆಕೆ. ಮತ್ತೆ ಯಾಕೆ?

"ಪಾಕ್ಕ," ಎಂದರು ಅತ್ತೆ. ನೋಡೋದಕ್ಕೆ. ಮೂವತ್ತು ವರ್ಷ ಮದರಾಸಿನಲ್ಲಿದ್ದೂ ಅವರು ಇಷ್ಟು ಗಂಭೀರವಾಗಿ ಆಡಿದ ತಮಿಳು ಮಾತು ಇನ್ನೊಂದಿಲ್ಲ. ಆಕೆ ಮರವನ್ನೊಮ್ಮೆ, ಅತ್ತೆಯ ಬೋಳುತಲೆಯನ್ನೊಮ್ಮೆ ನೋಡಿ, ಬಹಳ ಕನಿಕರದಿಂದ ಒಳಗೆ ಹೋದರು.

ನಮ್ಮ ಕಚೇರಿಯಲ್ಲಿ ಎಲ್ಲವನ್ನೂ ಬಲ್ಲ ಒಬ್ಬ ಸಹೋದ್ಯೋಗಿಯಿದ್ದ. "ಆ ಮರಕ್ಕೆ ಚಳಿ ಬೇಕು. ಬೇರಿಗೆ ಐಸ್ ಇಡಿ" ಎಂದ. ನಾನು ಯೋಚಿಸದೆ ಮಾಡಿದ ಕೆಲಸಗಳು ಜೀವನದಲ್ಲಿ ಮೂರು ನಾಲ್ಕಿರಬಹುದು, ಇದೊಂದು. ಶುಕ್ರವಾರ ಸಂತೆಯಲ್ಲಿ ಗೋಣಿಚೀಲದ ತುಂಬ ಐಸ್ ಸಿಕ್ಕಿತು. ಯಾರ ಬಳಿ ಸಿಕ್ಕಿತು ಎನ್ನುವುದನ್ನು ನಾನು ಅತ್ತೆಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಕಾಸಿಮೇಡಿನ ಬಂದರಿನಿಂದ ಮೀನಿನ ಬುಟ್ಟಿಗಳ ಜೊತೆ ಬಂದ ಐಸ್ ತನ್ನ ಊರು ಯಾವುದೆಂದು ತಾನೇ ಹೇಳಿತು. ಅರ್ಧ ಗಂಟೆಯಲ್ಲಿ ಪಲ್ಲಾವರಂನ ಸಮಸ್ತ ಬೆಕ್ಕುಗಳೂ ಮರದ ಸುತ್ತ ಪ್ರದಕ್ಷಿಣೆ ಹಾಕತೊಡಗಿದವು.

ಅತ್ತೆ ಅಡಿಗೆಮನೆಯ ಕಿಟಕಿಯಿಂದ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನೋಡಿದರು.

"ತೆಗೆದುಬಿಡಲಾ ಅತ್ತೆ?"

"ಕರಗೋವರೆಗೂ ಇರಲಿ. ಮಡಿ ನನಗೆ, ಮರಕ್ಕಲ್ಲ."

ಐಸ್ ಕರಗಿತು. ಬೆಕ್ಕುಗಳು ಮೂರು ದಿನ ಇದ್ದು ನಿರಾಶೆಯಿಂದ ಹೊರಟವು. ಮರ ಇನ್ನಷ್ಟು ಎಲೆ ಬಿಟ್ಟಿತು.

ಆ ವರ್ಷವೇ ಮನೆಯ ಯಜಮಾನರು ಬಂದದ್ದು. ವಯಸ್ಸಾದ ತಮಿಳರು, ಒಳ್ಳೆಯವರು. ಹಳೆಯ ಕಕ್ಕಸನ್ನು ಕೆಡವಿ, ನೀರು ಹಾಕುವಂಥ ಹೊಸದನ್ನು, ನೆಲದಡಿಯ ಸೆಪ್ಟಿಕ್ ತೊಟ್ಟಿ ಸಮೇತ, ಕಟ್ಟಿಸಿಕೊಡುತ್ತೇನೆ ಎಂದರು. ಆರು ವರ್ಷದಿಂದ ನಾವು ಅವರಲ್ಲಿ ಬೇಡಿಕೊಂಡದ್ದೇ ಇದನ್ನು. ನನ್ನ ಹೆಂಡತಿಯ ಮುಖ ಅರಳಿತು. ಆಮೇಲೆ ಅವರು ತೊಟ್ಟಿಗೆ ಜಾಗ ತೋರಿಸಿದರು. ಮರ ಇದ್ದ ಜಾಗ.

ಅತ್ತೆ ಹಿತ್ತಲ ಬಾಗಿಲ ಹಿಂದೆ ನಿಂತಿದ್ದರು. ಹೊರಗಿನ ಗಂಡಸರ ಎದುರು ಅವರು ಬರುವವರಲ್ಲ. ಎದುರು ಬಂದರೆ ಅಪಶಕುನವೆಂದು ಇನ್ನೊಬ್ಬರು ಅಂದುಕೊಳ್ಳುವ ಮುಂಚೆ ತಾವೇ ಅಂದುಕೊಂಡು ಸರಿದುಬಿಡುವುದು ಅವರಿಗೆ ಹದಿನಾರರಿಂದ ರೂಢಿ. ಬಾಗಿಲ ಹಿಂದಿನಿಂದಲೇ ನನಗೆ ಹೇಳಿದರು, "ಕಾರ್ತಿಕ ಮುಗಿಯೋವರೆಗೂ ಬಿಡಬೇಕಂತೆ ಅನ್ನು. ಅಷ್ಟರೊಳಗೆ ಹೂ ಬಿಡದಿದ್ರೆ ಕಡಿಯಲಿ."

ಯಜಮಾನರು ಒಪ್ಪಿದರು. ಎರಡು ತಿಂಗಳಿತ್ತು.

ಆ ಸಂಜೆ ಹೆಂಡತಿ ನನ್ನನ್ನು ಕೇಳಿದಳು, "ಹೂ ಬಿಡುತ್ತೆ ಅಂತೀರಾ?"

"ಬಿಡದಿದ್ರೆ ಅತ್ತೆಗೆ ಹೇಗಾಗುತ್ತೋ."

"ಬಿಟ್ರೆ ನಮಗೆ ಹೇಗಾಗುತ್ತೆ ಅಂತಲೂ ಯೋಚನೆ ಮಾಡಿ. ಮಳೆಗಾಲದಲ್ಲಿ ಕೊಡೆ ಹಿಡ್ಕೊಂಡು ಆ ಹಳೇ ಕಕ್ಕಸಿಗೆ ಹೋಗೋಳು ನಾನು."

ನಾನು ಎರಡನ್ನೂ ಯೋಚಿಸಿದೆ. ಅದೇ ನನ್ನ ತೊಂದರೆ.

ತಿಂಗಳಿಗೊಮ್ಮೆ ಬೆಳ್ಳಂಬೆಳಿಗ್ಗೆ ಕ್ಷೌರದ ಮುದುಕನೊಬ್ಬ ಹಿತ್ತಲ ಬಾಗಿಲಿಗೆ ಬಂದು ಅತ್ತೆಯ ತಲೆ ಬೋಳಿಸಿ ಹೋಗುತ್ತಿದ್ದ. ನಾವ್ಯಾರೂ ಆ ಹೊತ್ತಿಗೆ ಹಿತ್ತಲಿಗೆ ಹೋಗುತ್ತಿರಲಿಲ್ಲ. ಆ ಸಲ ಅವನು ಹೋಗಿ, ಅತ್ತೆ ಸ್ನಾನ ಮುಗಿಸಿದ ಮೇಲೂ ಒಳಗೆ ಬರಲಿಲ್ಲವೆಂದು ನಾನು ಇಣುಕಿದೆ. ಅರವತ್ತು ದಾಟಿದ ಹೆಂಗಸು ಏಣಿ ಹಾಕಿಕೊಂಡು ಮೇಲೆ ನಿಂತಿದ್ದರು. ಒಂದೊಂದೇ ಎಲೆಯನ್ನು ತೊಟ್ಟಿನ ಸಮೇತ, ಕೊಂಬೆಗೆ ನೋವಾಗದ ಹಾಗೆ, ಕಿತ್ತು ಕೆಳಗೆ ಹಾಕುತ್ತಿದ್ದರು.

ಓಡಿಹೋಗಿ ಏಣಿ ಹಿಡಿದುಕೊಂಡೆ. "ಅತ್ತೆ, ಏನು ಮಾಡ್ತಿದ್ದೀರಿ?"

"ಅಲ್ಲಿ ಇದು ಎಲೆ ಉದುರಿಸಿದ ಮೇಲೆ ಹೂ ಬಿಡ್ತಿತ್ತು. ಇಲ್ಲಿ ಉದುರಿಸೋಕೆ ಇದಕ್ಕೆ ತಿಳೀಲಿಲ್ಲ. ನಾವೇ ಮಾಡಬೇಕು."

"ಇಷ್ಟೂ ಕಿತ್ತರೆ ಸತ್ತುಹೋಗುತ್ತೆ ಅತ್ತೆ. ಎಲೆ ಇಲ್ಲದೆ ಹೇಗೆ ಬದುಕುತ್ತೆ?"

"ನಾನು ಬದುಕಿಲ್ವೇನೋ?" ಎಂದರು ಅತ್ತೆ, ತಿರುಗದೆ. "ಏಣಿ ಅಲ್ಲಾಡ್ತಿದೆ. ಸರಿಯಾಗಿ ಹಿಡ್ಕೋ."

ಹಿಡಿದುಕೊಂಡೆ. ಎಲೆಗಳು ನನ್ನ ತಲೆಯ ಮೇಲೇ ಬೀಳತೊಡಗಿದವು.

ನಾಲ್ಕು ದಿನದಲ್ಲಿ ಮರ ಬೋಳಾಯಿತು. ನೀರು ಹಾಕುವುದನ್ನೂ ನಿಲ್ಲಿಸಿದರು. ಬಿಸಿ ದೇಶಗಳಲ್ಲಿ ಹೀಗೆ ಎಲೆ ಕಿತ್ತು ಹೂ ಬರಿಸುವ ಪದ್ಧತಿಯೇ ಇದೆಯೆಂದು ಎಷ್ಟೋ ವರ್ಷದ ನಂತರ ಒಬ್ಬರು ನನಗೆ ಹೇಳಿದರು. ಆಗ ಮಾತ್ರ ಬೀದಿಯವರೆಲ್ಲ ಬೇಲಿಯ ಬಳಿ ನಿಂತು, ಸಾವಿನ ಮನೆಗೆ ಬಂದವರ ಧ್ವನಿಯಲ್ಲಿ ಮಾತಾಡಿಕೊಂಡು ಹೋಗುತ್ತಿದ್ದರು. ನನ್ನ ಹೆಂಡತಿ ಮರದ ಬಗ್ಗೆ ತಮಾಷೆ ಮಾಡುವುದನ್ನು ನಿಲ್ಲಿಸಿದಳು. ಯಾಕೆಂದು ನಾನು ಕೇಳಲಿಲ್ಲ. ಕಕ್ಕಸಿಗೆ ಹೋಗಿಬರುವಾಗ ಅವಳು ಕೊಂಬೆಗಳನ್ನು ತಲೆಯೆತ್ತಿ ನೋಡುವುದನ್ನು ಮಾತ್ರ ಕಂಡಿದ್ದೆ.

ಮಳೆ ಬಂತು. ಕಾರ್ತಿಕದಲ್ಲಿ ಇನ್ನು ಒಂಬತ್ತು ದಿನ ಉಳಿದಿತ್ತು. ಗಿಣ್ಣುಗಳಲ್ಲಿ ಸಾಸಿವೆಯಷ್ಟು ಏನೋ ಕಂಡಿತು. ಎಲೆಯ ಚಿಗುರೇ ಇರಬೇಕೆಂದು ನಾನು ಆತಂಕಪಟ್ಟೆ. ಕಡಲೆಕಾಳಿನಷ್ಟಾಯಿತು. ಹುಳು ಬಿದ್ದಿರಬೇಕೆಂದು ಆತಂಕಪಟ್ಟೆ. ಅದರ ತುದಿ ಗುಲಾಬಿ ಬಣ್ಣಕ್ಕೆ ತಿರುಗಿತು. ಆಗ ನನಗೆ ಆತಂಕಪಡಲು ಏನೂ ಹೊಳೆಯದೆ ಬಹಳ ಕಷ್ಟವಾಯಿತು.

ತೆಂಕಣ ಕೊಂಬೆಯೊಂದರಲ್ಲಿ ಹನ್ನೊಂದು ಹೂ ಅರಳಿದವು. ಶಿಲ್ಲಾಂಗಿನಲ್ಲಿ ಒಂದು ಮರಕ್ಕೆ ಎಷ್ಟು ಸಾವಿರವೋ, ನಮ್ಮದರಲ್ಲಿ ಹನ್ನೊಂದು. ತೆಳ್ಳನೆಯ ಎಸಳು, ಸುವಾಸನೆಯಿಲ್ಲ. ಅತ್ತೆ ಅಂದು ನಾಲ್ಕಕ್ಕೆ ಹೂ ಕಟ್ಟಲು ಕೂರಲಿಲ್ಲ. ಮಣೆ ತಂದು ಮರದ ಕೆಳಗೆ ಹಾಕಿಕೊಂಡು, ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು, ನೋಡುತ್ತ ಕೂತರು. ಕೈಗೆ ಕೆಲಸವಿಲ್ಲದೆ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಎದ್ದು ಒಳಗೆ ಹೋದರು. ನೋಡಿ ಮನೆಗೆ ಹೋಗುವುದು ಎಂದರೆ ಇದೇ ಇರಬೇಕು.

ಭಾನುವಾರ ಬೆಳಿಗ್ಗೆ ಯಜಮಾನರು ಬಂದರು, ಮೇಸ್ತ್ರಿಯನ್ನೂ ಕರೆದುಕೊಂಡು. ಮೇಸ್ತ್ರಿ ಟೇಪು ಬಿಚ್ಚಿದ. ಯಜಮಾನರು ತಲೆಯೆತ್ತಿ ನೋಡಿದರು. ಒಂದೆಲೆಯೂ ಇಲ್ಲದ ಮರ, ಅದರಲ್ಲಿ ಹನ್ನೊಂದು ಹೂ. ಮರವನ್ನೊಂದು ಸುತ್ತು ಬಂದರು. ಆಮೇಲೆ ಮೇಸ್ತ್ರಿಗೆ, "ಟೇಪು ಸುತ್ತಪ್ಪ. ತೊಟ್ಟಿ ಆಚೆ ಗೋಡೆ ಪಕ್ಕ ಬರಲಿ" ಎಂದರು.

ನಾನು ಉಸಿರು ಬಿಟ್ಟೆ. ಬಾಗಿಲ ಹಿಂದಿನಿಂದಲೂ ಒಂದು ಉಸಿರು ಕೇಳಿಸಿತು.

ಹೊರಡುವ ಮುನ್ನ ಯಜಮಾನರು ಅವರ ಮನೆಯ ಮರ್ಯಾದೆಯ ಪ್ರಕಾರ ಒಂದು ಹೂ ಕಿತ್ತು ನನ್ನ ಹೆಂಡತಿಯತ್ತ ಚಾಚಿದರು. "ಮೊದಲ ಹೂ, ಸುಮಂಗಲಿ ಮುಡೀಬೇಕು. ವಚ್ಚುಕೋಮ್ಮಾ." ಇಟ್ಟುಕೋ ತಾಯಿ, ಎಂದು. ಅದು ಮುಡಿಯುವ ಹೂವಲ್ಲವೆಂದು ಅವರಿಗೆ ಯಾರು ಹೇಳಬೇಕು? ಅವಳು ಎರಡೂ ಕೈಯಲ್ಲಿ ತೆಗೆದುಕೊಂಡಳು. ಜಡೆಗೆ ಇಟ್ಟುಕೊಳ್ಳಲಿಲ್ಲ.

ಅವರು ಗೇಟು ದಾಟಿದ ಮೇಲೆ ಬಾಗಿಲ ಹಿಂದೆ ಹೋದಳು.

"ಅತ್ತೆ, ಸ್ವಲ್ಪ ತಲೆ ಬಗ್ಗಿಸಿ."

"ಮುಟ್ಟಬೇಡ ಕಣೇ. ಮಡೀಲಿದ್ದೀನಿ."

"ಗೊತ್ತು. ಬಗ್ಗಿಸಿ."

"ಇದೆಲ್ಲ ನನಗ್ಯಾಕೆ? ಯಾರಾದ್ರೂ ನೋಡಿದ್ರೆ ಏನಂದಾರು?"

"ಇದು ನೋಡೋ ಹೂವೇ ಅಲ್ವಾ? ನೋಡಲಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಮನೆಯ ಗಂಡಸು, ಏನಾದರೂ ಹೇಳಬೇಕಿತ್ತು. ನೆಲ ನೋಡಿಕೊಂಡು ನಿಂತೆ. ಅತ್ತೆ ತಲೆ ಬಗ್ಗಿಸಿದರು.

ನನ್ನ ಹೆಂಡತಿ ಕೆಂಪು ಸೆರಗನ್ನು ಸರಿಸಿ, ಕಿವಿಯ ಮೇಲೆ ಹೂವಿಟ್ಟಳು. ಅದು ಜಾರಿ ಅವಳ ಅಂಗೈಗೇ ಬಿತ್ತು. ಮತ್ತೆ ಇಟ್ಟಳು. ಮತ್ತೆ ಜಾರಿತು. ತನ್ನ ಜಡೆಯಿಂದ ಹೇರ್‌ಪಿನ್ನು ಕಿತ್ತು ಸಿಗಿಸಲು ನೋಡಿದಳು. ಪಿನ್ನು ಹಿಡಿದುಕೊಳ್ಳಲು ಅಲ್ಲಿ ಏನೂ ಇರಲಿಲ್ಲ. ನಾನು ಆರು ವರ್ಷ ಅಷ್ಟೆಲ್ಲ ಯೋಚಿಸಿದ್ದೆ, ಇದೊಂದನ್ನು ಯೋಚಿಸಿರಲಿಲ್ಲ.

ಅವಳು ಪಿನ್ನನ್ನು ಕೆಳಗಿಳಿಸಿದಳು. ಅತ್ತೆ ಅವಳ ಅಂಗೈಯಿಂದ ಹೂವನ್ನು ತಾವೇ ತೆಗೆದುಕೊಂಡು, ಕಿವಿಯ ಮೇಲಿಟ್ಟು, ಸೆರಗನ್ನು ಅದರ ಮೇಲೆ ಎಳೆದು, ಎಡಗೈಯಲ್ಲಿ ಒತ್ತಿ ಹಿಡಿದುಕೊಂಡರು.

"ಇವತ್ತು ಅಡಿಗೆ ನೀನೇ ಮಾಡಿಬಿಡೇ," ಎಂದರು. "ನನಗೆ ಕೈ ಬಿಡುವಿಲ್ಲ."