ನಾನೇ ಬಳಿದ ಗೋಡೆ, ನನಗೇ ಏರಿದ ಬಾಡಿಗೆ

ಮಾನ್ಯ ಆರ್ಥಿಕ ಚೇತರಿಕೆಯವರ ಘನ ಸನ್ನಿಧಾನಕ್ಕೆ,

ಮಾನ್ಯರೇ,

ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷದಿಂದ ಅಮ್ಮನೊಂದಿಗೆ ಬಾಳುತ್ತಿರುವ, ಮನೆಗಳಿಗೆ ಬಣ್ಣ ಬಳಿಯುವ ಕಸುಬಿನವನಾದ ನನ್ನ ಸವಿನಯ ನಮಸ್ಕಾರಗಳು. ತಾವು ನಿಧಾನವಾಗಿಯಾದರೂ ಬರುತ್ತಿದ್ದೀರೆಂದು ಪತ್ರಿಕೆಗಳು ಎರಡು ವರ್ಷದಿಂದ ಬರೆಯುತ್ತಲೇ ಇವೆ. ಕೊನೆಗೂ ನಮ್ಮ ಬೀದಿಗೆ ಬಂದವರು ನೇರವಾಗಿ ಮಾಲೀಕರ ಮಹಡಿ ಹತ್ತಿ, ನೆಲಮಹಡಿಯ ನಮ್ಮ ಬಾಗಿಲು ತಟ್ಟದೆ ಹೋದದ್ದು ತಿಳಿದು, ದೊಡ್ಡವರಿಗೂ ದಾರಿ ತಪ್ಪುವುದುಂಟು ಎಂಬ ಸದ್ಭಾವನೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಮನೆಗಳ ಬೆಲೆ ಕುಸಿದಾಗ ಬಾಡಿಗೆಯೂ ಇಳಿದೀತೆಂದು ನಾನು ಆಸೆಪಟ್ಟದ್ದು ಶುದ್ಧ ಅಜ್ಞಾನ. "ಮಾರೋಣ ಅಂದ್ರೆ ಕೇಳೋರಿಲ್ಲ, ಬಾಡಿಗೆಯಲ್ಲಾದ್ರೂ ನಾಲ್ಕು ಕಾಸು ನೋಡ್ಬೇಡ್ವಾ" ಎಂದು ಮಾಲೀಕರು ಆಗ ಏರಿಸಿದರು. ಈಗ ಬೆಲೆ ಕೂದಲೆಳೆಯಷ್ಟು ಮೇಲೆದ್ದಿದೆ. "ಮಾರ್ಕೆಟ್ ಎದ್ದಿದೆ, ನಾವು ಕೂತಿರೋಕಾಗುತ್ತಾ" ಎಂದು ಮತ್ತೆ ಏರಿಸಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಗೊತ್ತಿತ್ತು. ಎತ್ತಿಗೆ ಜ್ವರ ಬಿಟ್ಟರೂ ಎಮ್ಮೆಗೇ ಬರೆ ಎಂಬ ಹೊಸ ಪಾಠ ಕಲಿಸಿದ್ದಕ್ಕೆ ತಮಗೆ ಋಣಿಯಾಗಿದ್ದೇನೆ.

ಹಾಗೆಂದು ನನ್ನ ತಪ್ಪನ್ನು ಮುಚ್ಚಿಡಲಾರೆ. ತಾವು ಬಾರದೆ ಕೆಲಸ ನಿಂತುಹೋದ ತಿಂಗಳುಗಳಲ್ಲಿ ಕೈ ಸುಮ್ಮನಿರಲಾರದೆ, ಹಿಂದಿನ ಕೆಲಸಗಳಲ್ಲಿ ಉಳಿದ ಡಬ್ಬಿಗಳ ತಳ ಕೆರೆದು, ಈ ಬಾಡಿಗೆ ಮನೆಯ ಬಿರುಕುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಎರಡು ಕೋಟ್ ಬಣ್ಣ ಬಳಿದೆ. ಅಮ್ಮನಿಗೆ ನಾಲ್ಕು ವರ್ಷದಿಂದ ಎರಡೂ ಕಣ್ಣು ಕಾಣುವುದಿಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ಒಬ್ಬಳೇ ಹೋಗಲೆಂದು ಬಣ್ಣಕ್ಕೆ ಸಣ್ಣ ಮರಳು ಕಲಸಿ, ಅವಳ ಕೈಗೆ ಸಿಗುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಒರಟು ಪಟ್ಟೆಯೊಂದನ್ನು ಎಳೆದೆ. ತಿರುವಿನಲ್ಲಿ ಅಲೆ, ಒಲೆಯ ಹತ್ತಿರ ಮೂರು ಉಬ್ಬು ಚುಕ್ಕಿ. ಅದನ್ನು ಸವರಿಕೊಂಡು ಹೋಗಿ ನೀರು ಕುಡಿದು ಬಂದ ದಿನ ಅಮ್ಮ, "ಇವತ್ತು ಯಾರನ್ನೂ ಕೂಗ್ಲಿಲ್ಲ ನೋಡು" ಎಂದಳು. ಯಾವ ಬಂಗಲೆಗೆ ಬಳಿದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಆ ಗೋಡೆಯನ್ನು ಮಾಲೀಕರ ದಲ್ಲಾಳಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋದರು. ಜಾಹೀರಾತಿನಲ್ಲಿ ಈಗ ನಮ್ಮ ಮನೆ "ಸಂಪೂರ್ಣ ನವೀಕೃತ", ಅಮ್ಮನ ಪಟ್ಟೆ "ವಿಶೇಷ ಕಲಾತ್ಮಕ ಗೋಡೆ", ಬಾಡಿಗೆ ಒಂದೂವರೆ ಪಟ್ಟು. ಕೊಡಲಾಗದಿದ್ದರೆ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅಗ್ಗದ ಮನೆ ಇಲ್ಲವೆಂದಲ್ಲ, ಹುಡುಕಿದ್ದೇನೆ: ಮೂರನೇ ಮಹಡಿ, ಹಿಡಿದುಕೊಳ್ಳಲು ಕಂಬಿಯಿಲ್ಲದ ಮೆಟ್ಟಿಲು, ಗೋಡೆ ಮುಟ್ಟಿದರೆ ಮುಂಗಡ ಹೋಯಿತೆಂಬ ಕರಾರು. ಅಲ್ಲಿಗೆ ಹೋದರೆ ಅಮ್ಮ ಎರಡನೇ ಸಲ ಕಣ್ಣು ಕಳೆದುಕೊಳ್ಳುತ್ತಾಳೆ. ಇದೊಂದನ್ನು ಕೊಂಕಿಲ್ಲದೆ ಹೇಳಿದ್ದೇನೆ, ಮನ್ನಿಸಬೇಕು.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಇನ್ನೂ ಸ್ವಲ್ಪ ನಿಧಾನವಾಗಿ ಚೇತರಿಸಿಕೊಳ್ಳಬೇಕು. ಸಾಧ್ಯವಾದರೆ ನಮ್ಮಮ್ಮ ಇರುವಷ್ಟು ಕಾಲ ಹಾಸಿಗೆ ಹಿಡಿದೇ ಇರಬೇಕು. ಅದಾಗದಿದ್ದರೆ ಖುದ್ದಾಗಿ ಮಾಲೀಕರ ಮುಂದೆ ನಿಂತು, ಈ ಮನೆಯ ಬೆಲೆ ಏರಿದ್ದು ತಮ್ಮಿಂದಲ್ಲ, ಬಾಡಿಗೆದಾರನ ಬ್ರಷ್ಷಿನಿಂದ ಎಂದು ಬರೆದುಕೊಡಬೇಕು. ಅದೂ ಆಗದಿದ್ದರೆ ಮನೆಯನ್ನು ಮೊದಲಿನಷ್ಟೇ ಹಾಳುಗೆಡವಲು ನನಗೆ ಅಪ್ಪಣೆ ಕೊಡಿಸಬೇಕು. ಬಿರುಕುಗಳೆಲ್ಲ ಎಲ್ಲೆಲ್ಲಿದ್ದವೆಂದು ನೆನಪಿದೆ, ಕೆಲಸ ಅಚ್ಚುಕಟ್ಟಾಗಿ ಮಾಡಿಕೊಡುತ್ತೇನೆ.

ಇಂತಿ, ತಿಂಗಳ ಕೊನೆಯವರೆಗೆ ಮಾತ್ರ
ತಮ್ಮ ವಿಶ್ವಾಸಿ,
ನೆಲಮಹಡಿಯ ಬಣ್ಣದವನು

ವಿ.ಸೂ.: ತಮ್ಮನ್ನು ಸುಮ್ಮನೆ ದೂರಿದೆ. ಪತ್ರ ಮುಗಿಸುವಷ್ಟರಲ್ಲಿ ಮಾಲೀಕರು ಕರೆದು, ಏಳು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಕೊಟ್ಟರು: ನಾವು ಖಾಲಿ ಮಾಡಿದ ಮೇಲೆ ಹೊಸಬರಿಗಾಗಿ ಇದೇ ಮನೆಗೆ ಇನ್ನೊಂದು ಕೋಟ್. ಮನೆ ಬಿಡುವಾಗ ಬಣ್ಣದ ಖರ್ಚು ಬಾಡಿಗೆದಾರನದೇ ಎಂದು ಕರಾರಿನಲ್ಲಿರುವುದರಿಂದ, ನನ್ನ ಕೂಲಿಯನ್ನು ನನ್ನ ಮುಂಗಡದಿಂದಲೇ ಕೊಡುತ್ತಾರಂತೆ. ಒಪ್ಪಿಕೊಂಡೆ. ಎಲ್ಲವನ್ನೂ ಒಳಗಿನಿಂದ ಕೇಳಿಸಿಕೊಂಡ ಅಮ್ಮ ಈಗ ಗೋಡೆ ಮುಟ್ಟದೆ ನಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ತಮ್ಮ ಹಾಗೆಯೇ ಬಹಳ ನಿಧಾನ; ಆದರೆ ಅವಳು ಯಾರನ್ನೂ ತುಳಿಯುತ್ತಿಲ್ಲ.